ಲೈವ್ ರಾಕ್ ಹಾಕಿದ ಹೊಸ ಉಪ್ಪುನೀರಿನ ತೊಟ್ಟಿ ಕೈಕೊಟ್ಟಾಗ: ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಮೈಸೂರು, ಮಂಡ್ಯ ಕಡೆ ಮೊದಲ ಸಲ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು, ಸಮುದ್ರದ ಲೈವ್ ರಾಕ್ ಹಾಕಿ, ಮೊದಲ ಎರಡು ಮೂರು ತಿಂಗಳಲ್ಲೇ ‘ಏನೋ ಸರಿ ಕಾಣ್ತಿಲ್ವಲ್ಲ’ ಎಂದು ಗಾಜಿನ ಮುಂದೆ ಕೂತವರಿಗಾಗಿ ಇದು. ಇಲ್ಲಿನ ಲೆಕ್ಕಗಳೆಲ್ಲ 200 ಲೀಟರ್ ತೊಟ್ಟಿಯವು. 20–25 ಕಿಲೋ ಕಲ್ಲು, ಒಂದಿಷ್ಟು ಮರಳು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ಅದರಲ್ಲಿ ಉಳಿಯುವ ನೀರು ಸುಮಾರು 170 ಲೀಟರ್. ಉಪ್ಪಿಗಾಗಲಿ ಔಷಧಿಗಾಗಲಿ ಲೆಕ್ಕ ಹಿಡಿಯುವಾಗ ಈ 170 ಅನ್ನೇ ಹಿಡಿಯಿರಿ.

ಲೈವ್ ರಾಕ್ ಎಂದರೆ ಹಳೆಯ ಹವಳದ ಸುಣ್ಣದ ಕಲ್ಲು. ಜೀವ ಇರುವುದು ಅದರ ಮೇಲ್ಮೈಯಲ್ಲಿ ಮತ್ತು ತೂತುಗಳೊಳಗೆ: ಬ್ಯಾಕ್ಟೀರಿಯಾ, ನೇರಳೆ ಕೋರಲೈನ್ ಪಾಚಿ, ಸ್ಪಂಜು, ಹುಳು, ಸಣ್ಣ ಏಡಿ. ವಿಮಾನದಲ್ಲಿ ಬೆಂಗಳೂರಿಗೆ, ಅಲ್ಲಿಂದ ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಮೈಸೂರಿಗೆ ಬರುವಷ್ಟರಲ್ಲಿ ಇದರಲ್ಲಿ ಒಂದು ಪಾಲು ಸತ್ತಿರುತ್ತದೆ. ಸತ್ತದ್ದು ಕೊಳೆಯುತ್ತದೆ. ಹೊಸ ತೊಟ್ಟಿಯ ರಗಳೆಗಳಲ್ಲಿ ಬಹುಪಾಲು ಈ ಕೊಳೆತದಿಂದಲೋ, ನಾವು ಸುರಿದ ನೀರಿನಿಂದಲೋ ಬಂದವು. ರೋಗದ ಮಾತು ಬಹಳ ಆಮೇಲಿನದು. ಆದ್ದರಿಂದ ಅಂಗಡಿಯ ಬಾಟಲಿ ತಂದು ಸುರಿಯುವುದು ಕಟ್ಟಕಡೆಯ ಕೆಲಸ.

ಕಲ್ಲಿನ ಮೂಲದ ಬಗ್ಗೆ ಒಂದು ಮಾತು. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಮನ್ನಾರ್ ಕೊಲ್ಲಿಯಿಂದಾಗಲಿ ಹವಳದ ತುಂಡು ಎತ್ತಿಕೊಂಡು ಬರುವುದು ಅಪರಾಧ. ಸತ್ತ ತುಂಡಾದರೂ ಅಷ್ಟೇ. ವಿದೇಶದಿಂದ ಬಂದ ಕಲ್ಲು ಎಂದು ಅಂಗಡಿಯವರು ಹೇಳಿದರೆ ಬಿಲ್ಲು ಮತ್ತು ಆಮದಿನ ಕಾಗದಪತ್ರ ಕೇಳಿ. ತೋರಿಸದಿದ್ದರೆ ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು, ಜೊತೆಗೆ ಬಾಟಲಿ ಬ್ಯಾಕ್ಟೀರಿಯಾ ತೆಗೆದುಕೊಳ್ಳಿ. ವಾಸನೆ ಮತ್ತು ಹುಳುಹುಪ್ಪಟೆಯ ಭಾಗ ಬಿಟ್ಟರೆ ಕೆಳಗಿನದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ನೀರಿಗೆ ಕೈ ಹಾಕಿದರೆ ಜುಮ್ಮೆನ್ನುತ್ತದೆ

ಇದು ಬಗೆಹರಿಯುವವರೆಗೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡುವಂತಿಲ್ಲ, ಅದಕ್ಕೇ ಮೊದಲು ಬರೆದದ್ದು. ಉಪ್ಪುನೀರು ಕರೆಂಟನ್ನು ಸಿಹಿನೀರಿಗಿಂತ ಎಷ್ಟೋ ಪಟ್ಟು ಸಲೀಸಾಗಿ ಹರಿಸುತ್ತದೆ. ಬೆರಳಿನ ಗಾಯಕ್ಕೆ ಉಪ್ಪು ತಾಗಿ ಚುರುಕ್ ಎಂದಿರಲೂಬಹುದು, ಆದರೆ ಹಾಗೆಂದುಕೊಂಡು ಸುಮ್ಮನಾಗಬೇಡಿ.

ತೊಟ್ಟಿಯ ಸ್ವಿಚ್ಚು ಆರಿಸಿದರೆ ಸಾಲದು. ಮೀಟರ್ ಬೋರ್ಡಿನ ಎಂಸಿಬಿ ಇಳಿಸಿ. ಕೈ ಒರೆಸಿಕೊಂಡು ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಬೆಳಕಿಗೆ ಹಿಡಿದು ನೋಡಿ. ಎಕ್ಸ್‌ಟೆನ್ಷನ್ ಬೋರ್ಡಿನ ತೂತುಗಳ ಸುತ್ತ ಬಿಳಿ ಉಪ್ಪಿನ ಪೊರೆ ಕಟ್ಟಿದ್ದರೆ ಆ ಬೋರ್ಡು ಎಸೆಯುವಂಥದ್ದು, ಒರೆಸಿ ಮತ್ತೆ ಹಾಕುವಂಥದ್ದಲ್ಲ. ಹೀಟರಿನ ಗಾಜಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ, ಒಳಗೆ ಆವಿ ಕಟ್ಟಿದ್ದರೂ ಅದರ ಆಯಸ್ಸು ಮುಗಿಯಿತು. ಇಂಥ ಸೀಳಿಗೆ ಸಾಮಾನ್ಯ ಕಾರಣ, ನೀರು ಬದಲಿಸುವಾಗ ಹೀಟರ್ ಉರಿಯುತ್ತಲೇ ಹೊರಗೆ ಉಳಿಯುವುದು. ನೀರಿಳಿಸುವ 20 ನಿಮಿಷ ಮುಂಚೆಯೇ ಅದನ್ನು ಆರಿಸಿಬಿಡಿ.

ಟೆಸ್ಟರ್ ಮಿನುಗಿತೆಂದ ಮಾತ್ರಕ್ಕೆ ಸೋರಿಕೆ ಎನ್ನಲಾಗದು. ಪಂಪಿನ ತಂತಿಸುರುಳಿ ಹುಟ್ಟಿಸುವ ಪ್ರೇರಿತ ವೋಲ್ಟೇಜಿಗೂ ಅದು ಮಿನುಗುತ್ತದೆ. ನಂಬಬೇಕಾದ್ದು ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಆರ್‌ಸಿಸಿಬಿ ಇಲ್ಲದಿದ್ದರೆ, ಅಥವಾ ಇದ್ದು ಮತ್ತೆ ಮತ್ತೆ ಬೀಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೇರಿ ಹೋಗುವಂತಿರಲಿ. ವೈರಿನ ಮೇಲೆ ಇಳಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನವರೆಗೆ ಹೋಗುವುದಿಲ್ಲ.

ಉಪ್ಪಿನಂಶ ಒಂದೊಂದು ದಿನ ಒಂದೊಂದು ತೋರಿಸುತ್ತದೆ

ಗುರಿ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು); ಸಾಂದ್ರತೆಯ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ 1.026ರ ಆಸುಪಾಸು. ಅಂಕಿ ಜಿಗಿದಾಡುತ್ತಿದ್ದರೆ ಮೊದಲ ಅನುಮಾನ ಸಾಧನದ ಮೇಲೇ ಬರಲಿ. ಬೆಳಕು ಬಾಗುವುದನ್ನು ನೋಡಿ ಉಪ್ಪಳೆಯುವ ರಿಫ್ರಾಕ್ಟೋಮೀಟರನ್ನು ಬರಿಯ ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದರೂ 35ರ ಹತ್ತಿರ ಅದು ತಪ್ಪು ಹೇಳಬಹುದು. ಅಡುಗೆಮನೆಯಲ್ಲೇ ಒಂದು ಪರೀಕ್ಷಾ ದ್ರಾವಣ ಮಾಡಬಹುದು: ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 3.65 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್, 96.35 ಗ್ರಾಂ ಡಿಸ್ಟಿಲ್ಡ್ ನೀರು. ಇದು ಬೆಳಕನ್ನು ಬಾಗಿಸುವ ಪ್ರಮಾಣ 35 ಪಿಪಿಟಿ ಸಮುದ್ರದ ನೀರಿನಷ್ಟೇ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಅರ್ಧ ನಿಮಿಷ ಕಾದು ನೋಡಿ, ಗೆರೆ 35ಕ್ಕೆ ಬರುವಂತೆ ತಿರುಪು ತಿರುಗಿಸಿ. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರಾದರೆ ಮುಳ್ಳಿಗಂಟಿದ ಗಾಳಿಗುಳ್ಳೆ ಒಂದಿದ್ದರೂ ಅಂಕಿ ಏರಿಬಿಡುತ್ತದೆ, ತಟ್ಟಿ ಬಿಡಿಸಿ.

ಸಾಧನ ಸರಿ, ಅಂಕಿ ಮಾತ್ರ ಏರುತ್ತಲೇ ಇದೆ ಎಂದರೆ ನೀರು ಆರುತ್ತಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಏಪ್ರಿಲ್ ಒಣಗಾಳಿಯಲ್ಲಿ ಫ್ಯಾನ್ ಹಾಕಿದ ತೊಟ್ಟಿಯಿಂದ ದಿನಕ್ಕೆ 4 ಲೀಟರ್ ಹೋಗುವುದು ವಿಶೇಷವೇನಲ್ಲ. ಐದು ದಿನ ನೋಡದೆ ಬಿಟ್ಟರೆ 170 ಲೀಟರ್ 150 ಆಗಿ, 35 ಇದ್ದದ್ದು 39ರ ಮೇಲೆ ಹೋಗಿರುತ್ತದೆ. ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ದಿನವೂ ಅಲ್ಲಿಯವರೆಗೆ ಆರ್‌ಓ ನೀರು ತುಂಬಿ. ಆರಿದ ಜಾಗಕ್ಕೆ ಉಪ್ಪುನೀರು ತುಂಬಿದರೆ ಅಂಕಿ ಮತ್ತೂ ಏರುತ್ತದೆ.

ಇಳಿಯುತ್ತಿದ್ದರೆ ಸೋರಿಕೆ ಅಥವಾ ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಸಾಧನ) ಹೆಚ್ಚು ತೆಗೆಯುತ್ತಿರುವುದು ಕಾರಣ: ಹೊರಗೆ ಹೋದದ್ದು ಉಪ್ಪುನೀರು, ನೀವು ತುಂಬಿದ್ದು ಸಿಹಿನೀರು. ಮಂಗಳೂರು, ಮಲ್ಪೆ ಕಡೆಯಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರಿಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಜಿಗೆ ಹೋಗದಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳ ನೀರು ದಡದ ಸಮುದ್ರವನ್ನು ತೆಳುವಾಗಿಸಿ, ಜೊತೆಗೆ ಕೆಸರನ್ನೂ ತಂದು ಹಾಕುತ್ತದೆ.

ಸರಿಪಡಿಸುವುದು ನಿಧಾನವಾಗಿರಲಿ, ದಿನಕ್ಕೆ 1–2 ಪಿಪಿಟಿಗಿಂತ ಹೆಚ್ಚು ಬೇಡ. ಹೊಸ ನೀರು ಕಲೆಸುವಾಗ ಲೀಟರಿಗೆ ಸುಮಾರು 36–38 ಗ್ರಾಂ ಅಕ್ವೇರಿಯಂ ಸಮುದ್ರ ಉಪ್ಪು. ಅಡುಗೆ ಉಪ್ಪು ಬರಿಯ ಸೋಡಿಯಂ ಕ್ಲೋರೈಡು. ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಇನ್ನೊಂದು, ಹಿತ್ತಲಲ್ಲಿರುವ ತಾಮ್ರದ ಹಂಡೆ ಎಷ್ಟೇ ಅನುಕೂಲವಾಗಿ ಕಂಡರೂ ಅದರಲ್ಲಿ ಕಲೆಸಬೇಡಿ. ಯಾಕೆಂಬುದು ಕೊನೆಯ ಭಾಗದಲ್ಲಿದೆ.

ತೊಟ್ಟಿಯಿಂದ ಕೆಟ್ಟ ವಾಸನೆ

ಆರೋಗ್ಯವಾಗಿರುವ ಕಲ್ಲಿಗೆ ಕಡಲ ದಡದ ವಾಸನೆ ಇರುತ್ತದೆ. ಹಳಸಿದ ಮೀನಿನ ವಾಸನೆ ಬಂದರೆ ಸ್ಪಂಜು, ಹುಳು ಸಾಯುತ್ತಿವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆಮ್ಲಜನಕ ತಲುಪದ ಮೂಲೆಯೊಂದರಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಎರಡಕ್ಕೂ ಮದ್ದು ಬೇರೆ.

ಮೀನಿನ ವಾಸನೆಯಾದರೆ ಖರ್ಚಿಲ್ಲದ ಪರೀಕ್ಷೆ ಮೂಗು. ಗ್ಲೌಸು ಹಾಕಿ ಒಂದೊಂದೇ ಕಲ್ಲೆತ್ತಿ ಮೂಸಿ. ಸಾಮಾನ್ಯವಾಗಿ ಎಲ್ಲ ಕಲ್ಲೂ ನಾರುವುದಿಲ್ಲ, ಒಂದೆರಡು ಮಾತ್ರ. ಆ ಕಲ್ಲಿನ ತಳಭಾಗ ನೋಡಿ: ಹಳದಿಯೋ ಕಿತ್ತಳೆಯೋ ಇದ್ದ ಸ್ಪಂಜು ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಲೋಳೆಯಾಗಿ ಬರುತ್ತದೆ, ಮೇಲೆ ಹತ್ತಿಯಂಥ ಬಿಳಿ ಪೊರೆ ಇರುತ್ತದೆ. ಒಂದು ಬಕೆಟ್ ಉಪ್ಪುನೀರಿನಲ್ಲಿ ಮುಳುಗಿಸಿಟ್ಟೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಉಜ್ಜಿ ತೆಗೆಯಿರಿ. ನಲ್ಲಿಯಡಿ ಹಿಡಿದು ತೊಳೆದರೆ ಬೇಕಾದ ಬ್ಯಾಕ್ಟೀರಿಯಾವೂ ಸತ್ತು ಕೊಳೆ ಇನ್ನಷ್ಟಾಗುತ್ತದೆ.

ಉಜ್ಜಿದ ಮೇಲೂ ಎರಡು ಮೂರು ದಿನದಲ್ಲಿ ಮತ್ತೆ ನಾರಿದರೆ ಆ ಕಲ್ಲನ್ನು ಹೊರಗೆ ಹದಗೊಳಿಸಬೇಕು. ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮು, 35 ಪಿಪಿಟಿ ನೀರು, 25–26 ಡಿಗ್ರಿ, ನೀರನ್ನು ಜೋರಾಗಿ ತಿರುಗಿಸುವ ಸಣ್ಣ ಪಂಪು, ಅಂದರೆ ಒಂದು ಪವರ್‌ಹೆಡ್, ಮೇಲೆ ಮುಚ್ಚಳ ಇಷ್ಟು ಸಾಕು. ಬೆಳಕು ಬೇಡ, ಕೊಳೆತದ ಸಾರ ತಿಂದು ಪಾಚಿ ಬೆಳೆಯುತ್ತದೆ. ಅಮೋನಿಯಾ 2 ಪಿಪಿಎಂ ದಾಟಿದಾಗೆಲ್ಲ ಅರ್ಧ ನೀರು ಬದಲಿಸಿ. ಎರಡರಿಂದ ಆರು ವಾರ ಬೇಕಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸತತ ಐದಾರು ದಿನ ಸೊನ್ನೆ ಇದ್ದು, ವಾಸನೆ ಹೋಗಿದ್ದರೆ ಒಳಗೆ ಸೇರಿಸಬಹುದು.

ಮೊಟ್ಟೆ ವಾಸನೆಯಾದರೆ ಕಿಟಕಿ ತೆರೆಯಿರಿ, ಏರ್ ಪಂಪ್ ಹಚ್ಚಿ, ಮರಳು ಕೆದಕಬೇಡಿ. ಕಪ್ಪುಗಟ್ಟಿದ ಜಾಗ ಸಾಧಾರಣವಾಗಿ ಮರಳಿನಲ್ಲಿ ಹೂತ ದೊಡ್ಡ ಕಲ್ಲಿನ ಬುಡದಲ್ಲಿರುತ್ತದೆ. ತೊಟ್ಟಿಯಲ್ಲಿ ಮೀನಿದ್ದರೆ ಮೊದಲು ಅವನ್ನು ಬೇರೆ ಬಕೆಟ್ಟಿಗೆ ಸಾಗಿಸಿ, ಆಮೇಲೆ ಆ ಕಪ್ಪು ಮರಳನ್ನು ಪೈಪಿನಿಂದ ನೇರ ಹೊರಗೆ ಎಳೆಯಿರಿ. ತಲೆನೋವು, ಕಣ್ಣುರಿ ಬಂದರೆ ಕೋಣೆ ಬಿಟ್ಟು ಹೊರಡಿ. ಈ ಅನಿಲಕ್ಕೆ ಮೂಗು ಬೇಗ ಮಂಕಾಗುತ್ತದೆ. ವಾಸನೆ ನಿಂತಿತೆಂದರೆ ಗಾಳಿ ಶುದ್ಧವಾಯಿತೆಂದು ತಿಳಿಯುವಂತಿಲ್ಲ.

ಯಾವ ಕಾರಣಕ್ಕೂ ಲೈವ್ ರಾಕನ್ನು ಕುದಿಸಬೇಡಿ, ಓವನ್ನಿಗೆ ಇಡಬೇಡಿ, ಬಿಸಿನೀರು ಹೊಯ್ಯಬೇಡಿ. ಕಲ್ಲಿನ ಮೇಲೆ ಗುಂಡಿಯಾಕಾರದ ಪಾಲಿಥೋವ, ಜೋವಾಂತಿಡ್ ಜಾತಿಯ ಜೀವಿಗಳಿದ್ದರೆ ಅವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರಬಹುದು. ಆವಿಯ ಜೊತೆ ಅದು ಶ್ವಾಸಕೋಶಕ್ಕೆ ಹೋದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ. ಉಜ್ಜುವಾಗಲೂ ಕನ್ನಡಕ, ಗ್ಲೌಸು ಕಡ್ಡಾಯ. ಬಾಯಿಯಲ್ಲಿ ಲೋಹದ ರುಚಿ, ಚಳಿಜ್ವರ, ಕೆಮ್ಮು, ಏದುಸಿರು, ಕೈಕಾಲು ಜೋಮು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ, ‘ಹವಳದ ಕಲ್ಲು ಮುಟ್ಟಿದ್ದೆ, ಪಾಲಿಟಾಕ್ಸಿನ್ ಇರಬಹುದು’ ಎಂದು ಬಾಯಿಬಿಟ್ಟು ಹೇಳಿ. ಕಡಲಿನಿಂದ ಇಷ್ಟು ದೂರದ ಊರಿನ ವೈದ್ಯರು ತಾವಾಗಿ ಇದನ್ನು ಊಹಿಸುವುದು ಕಷ್ಟ. ಇದಕ್ಕೆ ಪ್ರತಿವಿಷ ಇಲ್ಲ. ಲಕ್ಷಣಕ್ಕೆ ತಕ್ಕ ಚಿಕಿತ್ಸೆಯೇ ದಾರಿ.

ಅಮೋನಿಯಾ ಇಳಿಯುತ್ತಲೇ ಇಲ್ಲ

ಕೊಳೆತದಿಂದ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾದಿಂದ ನೈಟ್ರೈಟ್, ಮುಂದಿನ ಬ್ಯಾಕ್ಟೀರಿಯಾದಿಂದ ನೈಟ್ರೇಟ್. ಚೆನ್ನಾಗಿ ಹದವಾದ ಕಲ್ಲಿದ್ದರೆ ಒಂದೆರಡು ವಾರ, ಅರೆಸತ್ತ ಕಲ್ಲಾದರೆ ನಾಲ್ಕರಿಂದ ಆರು ವಾರ. ಅಷ್ಟರೊಳಗೆ ಗಾಬರಿ ಬೇಡ.

ಸದಾ 0.25 ಎಂದೇ ತೋರಿಸುತ್ತಿದ್ದರೆ ಕಿಟ್ಟನ್ನು ಪರೀಕ್ಷಿಸಿ. ಆಗತಾನೆ ಕಲೆಸಿದ ಹೊಸ ಉಪ್ಪುನೀರನ್ನು ಅದೇ ಕಿಟ್ಟಿನಲ್ಲಿ ನೋಡಿ. ಅದಕ್ಕೂ ಅಷ್ಟೇ ತಿಳಿಹಸಿರು ಬಂದರೆ ನಿಮ್ಮ ತೊಟ್ಟಿಯದೂ ಹೆಚ್ಚುಕಡಿಮೆ ಸೊನ್ನೆಯೇ. ಬಣ್ಣ ಹೋಲಿಸುವುದು ಹಗಲು ಬೆಳಕಿನಲ್ಲಿ, ತೊಟ್ಟಿಯ ನೀಲಿ ದೀಪದಡಿ ಅಲ್ಲ. ಅಮೋನಿಯಾ ಬಂಧಿಸುವ ದ್ರಾವಣ ಹಾಕಿದ್ದರೆ ಬಂಧಿತವಾದದ್ದನ್ನೂ ಕಿಟ್ ಎಣಿಸುವುದರಿಂದ ಅಂಕಿ ಹೆಚ್ಚೇ ಕಾಣುತ್ತದೆ.

ಅಂಕಿ ನಿಜವಾದರೆ ಕೊಳೆಯುತ್ತಿರುವುದನ್ನು ಹುಡುಕಿ. ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದರೆ ಸತ್ತ ಏಡಿ, ಬಸವನಹುಳು ಬೇಗ ಕಣ್ಣಿಗೆ ಬೀಳುತ್ತವೆ. ಆಮೇಲೆ ನೀರಿನ ಓಡಾಟ. ಗಂಟೆಗೆ ತೊಟ್ಟಿಯ ಹತ್ತರಿಂದ ಇಪ್ಪತ್ತು ಪಟ್ಟು ನೀರು ತಿರುಗಬೇಕು, ಅಂದರೆ 2000–4000 ಲೀಟರ್. ಕಲ್ಲನ್ನು ಗೋಡೆ ಕಟ್ಟಿದಂತೆ ಒತ್ತಾಗಿ ಪೇರಿಸಿದ್ದರೆ ಒಳಗೆ ನೀರು ಹೋಗದು. ಮೂರು ನಾಲ್ಕು ಕಡೆ ಮಾತ್ರ ತಾಗುವಂತೆ ಸಡಿಲವಾಗಿ ಕೂರಿಸಿ. ಅಮೋನಿಯಾ 5 ದಾಟಿದರೆ ಬ್ಯಾಕ್ಟೀರಿಯಾದ ಕೆಲಸವೇ ಕುಂಠಿತವಾಗುತ್ತದೆ, ಕಲ್ಲಿನ ಜೀವವೂ ಸಾಯುತ್ತದೆ. 2–3ಕ್ಕೆ ಬಂದಾಗಲೇ ಅರ್ಧ ನೀರು ಬದಲಿಸಿ. ಅರ್ಧ ಬದಲಿಸಿದರೆ ಅಂಕಿಯೂ ಅರ್ಧ.

ಸಿಹಿನೀರಿನ ತೊಟ್ಟಿ ಸಾಕಿ ಪಳಗಿದವರು ಎಡವುವುದು ಇಲ್ಲೇ. ಪಿಎಚ್ 7.2ಕ್ಕಿಂತ 8.2ರಲ್ಲಿ, ಒಟ್ಟು ಅಮೋನಿಯಾ ಅಷ್ಟೇ ಇದ್ದರೂ, ಅದರಲ್ಲಿ ವಿಷಕಾರಿಯಾದ ಪಾಲು ಒಂಬತ್ತು ಹತ್ತು ಪಟ್ಟು ಹೆಚ್ಚು. ‘ನಮ್ಮ ಗೋಲ್ಡ್‌ಫಿಶ್ ಇಷ್ಟರಲ್ಲೇ ಬದುಕಿತ್ತು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಮೋನಿಯಾ, ನೈಟ್ರೈಟ್ ಸೊನ್ನೆಯಾಗುವವರೆಗೆ ಮೀನು ಬಿಡಬೇಡಿ.

ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ವಿಪರೀತ ಹೆಚ್ಚು ತೋರಿಸುತ್ತದೆ. ಆ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. ನೈಟ್ರೈಟ್ ಇಳಿದ ಮೇಲೆ ನೋಡಿ. ಮಂಡ್ಯದ ಕಬ್ಬಿನ ಗದ್ದೆಗಳ ನಡುವಿನ ಬೋರ್‌ವೆಲ್ ನೀರಾದರೆ ಮಾತ್ರ ಮೂಲದ ನೀರನ್ನೇ ಒಮ್ಮೆ ಪರೀಕ್ಷಿಸಿ. ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿದಿರಬಹುದು.

ನೀರು ಹಾಲಿನಂತೆ ಬೆಳ್ಳಗಾಗಿದೆ

ಒಂದು ಗಾಜಿನ ಲೋಟ ಸಾಕು. ತೊಟ್ಟಿಯ ನೀರು ತುಂಬಿ ಮೇಜಿನ ಮೇಲಿಟ್ಟು ನೋಡುತ್ತಿರಿ.

ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಸೂಕ್ಷ್ಮ ಗಾಳಿಗುಳ್ಳೆ; ಪಂಪು ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ನೀರಿನ ಮಟ್ಟ ಇಳಿದಿದೆ. ಗಂಟೆಗಳಲ್ಲಿ ಮೇಲಿನಿಂದ ಕೆಳಕ್ಕೆ ತಿಳಿಯಾಗಿ ಅಡಿಯಲ್ಲಿ ಪುಡಿ ಕೂತರೆ ಆ ಪುಡಿಗೆ ನಾಲ್ಕು ಹನಿ ವಿನೆಗರ್ ಬಿಡಿ. ಬುಸ್ಸೆಂದು ನೊರೆ ಬಂದರೆ ಸುಣ್ಣ. ಹೊಸದಾಗಿ ಹವಳದ ಮರಳು ಹಾಕಿದ್ದರೆ ಅದರ ಧೂಳು. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಮರಳು ಹಾಕಿ ವಾರಗಳಾಗಿದ್ದು ಈಗ ಬಂದಿದ್ದರೆ ಕ್ಯಾಲ್ಸಿಯಂ ಮತ್ತು ಕ್ಷಾರ ದ್ರಾವಣಗಳನ್ನು ಒಟ್ಟೊಟ್ಟಿಗೆ ಸುರಿದಿದ್ದೀರಿ, ಅವು ಒಡೆದಿವೆ. ಸೇರಿಸುವುದು ನಿಲ್ಲಿಸಿ ಕ್ಷಾರತೆ ಅಳೆಯಿರಿ. 8–11 ಡಿಕೆಎಚ್ (ಕ್ಷಾರತೆಯ ಅಳತೆ) ಒಳಗಿರಬೇಕು.

ರಾತ್ರಿಯಿಡೀ ಇಟ್ಟರೂ ಲೋಟ ಹಾಗೇ ಮಂಜುಮಂಜಾಗಿದ್ದರೆ ಬ್ಯಾಕ್ಟೀರಿಯಾದ ಉಬ್ಬರ. ಕೊಳೆತ ಹೆಚ್ಚಾದಾಗಲೋ, ಬಾಟಲಿ ಬ್ಯಾಕ್ಟೀರಿಯಾ ಜೊತೆ ಸಕ್ಕರೆ, ವಿನೆಗರ್ ಮುಂತಾದವನ್ನು ಸುರಿದಾಗಲೋ ಬರುತ್ತದೆ. ಇದು ಆಮ್ಲಜನಕ ಕುಡಿದುಬಿಡುವುದರಿಂದ ಏರ್ ಪಂಪ್ ಹಚ್ಚಿ, ಸ್ಕಿಮ್ಮರ್ ಆರಿಸಬೇಡಿ. ಮೀನು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ಅವತ್ತೇ ಮೂರನೇ ಒಂದು ಭಾಗ ನೀರು ಬದಲಿಸಿ.

ನೇರಳೆ ಬಣ್ಣ ಹೋಗಿ ಕಲ್ಲು ಬಿಳಿಚಿಕೊಳ್ಳುತ್ತಿದೆ

ಗಾಳಿಗೆ ತೆರೆದಿದ್ದ ಭಾಗ ಮಾತ್ರ ಬಿಳಿಯಾದರೆ ಅದು ಪ್ರಯಾಣದ ಏಟು, ತಿಂಗಳುಗಳಲ್ಲಿ ಮರಳುತ್ತದೆ. ದೀಪಕ್ಕೆ ನೇರ ಇರುವ ಭಾಗವಾದರೆ ಬೆಳಕು ಹೆಚ್ಚು. ದಿನಕ್ಕೆ 6 ಗಂಟೆಗೆ ಇಳಿಸಿ. ಎಲ್ಲೆಡೆ ಒಂದೇ ಸಮ ಬಿಳಿಚುತ್ತಿದ್ದರೆ ಉಪ್ಪಿನಂಶ, ಆಮೇಲೆ ಕ್ಷಾರತೆ, ಕ್ಯಾಲ್ಸಿಯಂ (400–450 ಪಿಪಿಎಂ), ಮೆಗ್ನೀಸಿಯಂ (1250–1350 ಪಿಪಿಎಂ) ಈ ಕ್ರಮದಲ್ಲಿ ನೋಡಿ. ಪಿಎಚ್ ಬೆಳಗಿನ ಜಾವ 7.8 ಇದ್ದರೆ ಅದರ ಬೆನ್ನು ಹತ್ತಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮನುಷ್ಯರು ಮಲಗಿದ್ದರೆ ಇಂಗಾಲದ ಡೈಆಕ್ಸೈಡಿಗೆ ಅಷ್ಟು ಇಳಿಯುವುದು ಸಹಜ.

ಕಂದು ಧೂಳು, ಕೆಂಪು ಲೋಳೆ, ಗುಳ್ಳೆಗಟ್ಟಿದ ಎಳೆ

ಮೂರನೇ ವಾರದ ಹೊತ್ತಿಗೆ ಬರುವ ಕಂದು ಧೂಳು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಬೆರಳಾಡಿಸಿದರೆ ಹಾರಿಹೋಗುತ್ತದೆ. ಅದು ಬೆಳೆಯಲು ಬೇಕಾದ ಸಿಲಿಕಾ ನೀರಿನಲ್ಲಿ ಮುಗಿದಂತೆ ತಾನೇ ಹೋಗಬೇಕು. ತಿಂಗಳು ಕಳೆದರೂ ಹೋಗದಿದ್ದರೆ ನಿಮ್ಮ ಆರ್‌ಓ ನೀರನ್ನು ಟಿಡಿಎಸ್ (ಕರಗಿದ ಲವಣ) ಮೀಟರಿನಲ್ಲಿ ನೋಡಿ. ಮನೆಯಲ್ಲಿ ಕುಡಿಯುವ ನೀರಿನ ಆರ್‌ಓ ಯಂತ್ರಗಳಲ್ಲಿ ರುಚಿಗಾಗಿ ಒಂದಿಷ್ಟು ಕಚ್ಚಾ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ತಿರುಪು, ಮಿನರಲ್ ಕಾರ್ಟ್ರಿಡ್ಜ್ ಎರಡೂ ಇರುತ್ತವೆ. ಲೋಟಕ್ಕೆ ಬರುವ 60–80 ಟಿಡಿಎಸ್ ನೀರು ಕುಡಿಯಲು ಚೆನ್ನ, ತೊಟ್ಟಿಗೆ ಬೇಡ. ಸರ್ವಿಸ್ ಹುಡುಗರಿಗೆ ಹೇಳಿ ಮೆಂಬ್ರೇನ್ ಆದ ತಕ್ಷಣ ಪೈಪಿಗೆ ಟಿ ಆಕಾರದ ಒಂದು ಕವಲು ಹಾಕಿಸಿ, ಅಲ್ಲಿಂದ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಮೂಲಕ ತೊಟ್ಟಿಯ ನೀರು ತೆಗೆಯಿರಿ. ಮೀಟರ್ ಸೊನ್ನೆ ಹೇಳಬೇಕು. ಬೋರ್ ನೀರಿನವರಿಗೆ ರೆಸಿನ್ ಬೇಗ ಮುಗಿಯುತ್ತದೆ. ಕಾವೇರಿ, ಕಬಿನಿಯ ಕಾರ್ಪೊರೇಷನ್ ನೀರಿನವರು ಕ್ಲೋರಿನ್ ಮೆಂಬ್ರೇನನ್ನು ತಿನ್ನದಂತೆ ಅದಕ್ಕೂ ಮುಂಚೆ ಬರುವ ಕಾರ್ಬನ್ ಫಿಲ್ಟರನ್ನು ಸಕಾಲಕ್ಕೆ ಬದಲಿಸಬೇಕು.

ಕೆಂಪು ನೇರಳೆ ಲೋಳೆ ಹಾಳೆಯಂತೆ ಸುಲಿದು ಬಂದರೆ ಸಯನೋಬ್ಯಾಕ್ಟೀರಿಯಾ. ನೀರಿನ ಓಡಾಟ ಇಲ್ಲದ ಮೂಲೆಯಲ್ಲೇ ಶುರುವಾಗುತ್ತದೆ; ಪವರ್‌ಹೆಡ್ಡಿನ ಮುಖ ಅತ್ತ ತಿರುಗಿಸಿ, ಪೈಪಿನಿಂದ ಎಳೆದು ತೆಗೆಯಿರಿ. ಕಂದು ಸಿಂಬಳದಂಥ ಎಳೆ, ತುದಿಯಲ್ಲಿ ಗುಳ್ಳೆ, ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ಹಾಜರ್ ಎಂದರೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಇರಬಹುದು. ಸ್ವಲ್ಪ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಟಿಶ್ಯೂ ಪೇಪರಿನಲ್ಲಿ ಸೋಸಿ, ತಿಳಿ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆಯಾಗಿ ಕೂಡಿಕೊಂಡರೆ ಡೈನೋ ಎನ್ನಬಹುದು. ಇದು ಹೆಚ್ಚಾಗಿ ನೈಟ್ರೇಟ್, ಫಾಸ್ಫೇಟ್ ಪೂರ್ತಿ ಸೊನ್ನೆಯಾದ ತೊಟ್ಟಿಗೆ ಬರುತ್ತದೆ. ಇಂಥಲ್ಲಿ ನೀರು ಬದಲಿಸುತ್ತಾ ಹೋದಷ್ಟೂ ಹೆಚ್ಚುತ್ತದೆ. ನೀರು ಬದಲಿಸುವುದು ನಿಲ್ಲಿಸಿ, ಆಹಾರ ಒಂದಿಷ್ಟು ಹೆಚ್ಚಿಸಿ, ಫಾಸ್ಫೇಟ್ 0.05ರ ಸುತ್ತ ನಿಲ್ಲಿಸಿ.

ರಾತ್ರಿ ಕಲ್ಲಿನೊಳಗಿಂದ ಟಕ್ ಟಕ್

ಮೊದಲು ಹೀಟರಿನ ಥರ್ಮೋಸ್ಟಾಟ್ ಸದ್ದಲ್ಲವೇ ನೋಡಿ. ಅಲ್ಲವಾದರೆ ಪಿಸ್ತೂಲ್ ಸೀಗಡಿ ಅಥವಾ ಮಾಂಟಿಸ್ ಸೀಗಡಿ. ಸದ್ದಿನ ಜೊತೆ ಏಡಿ, ಬಸವನಹುಳುಗಳ ಚಿಪ್ಪು ಒಡೆದು ಬಿದ್ದಿದ್ದರೆ ಮಾಂಟಿಸ್. ಬರಿಗೈ ಹಾಕಬೇಡಿ, ಬೆರಳು ಸೀಳುತ್ತದೆ. ಕೆಂಪು ಟಾರ್ಚಿನಲ್ಲಿ ಯಾವ ತೂತೆಂದು ಗುರುತಿಸಿ, ಆ ಕಲ್ಲನ್ನು ಬಕೆಟ್ಟಿಗೆ ಎತ್ತಿ, ತೂತಿಗೆ ಸಿರಿಂಜಿನಿಂದ ಬರಿಯ ಸೋಡಾ ನೀರು ಬಿಟ್ಟರೆ ಹೊರಗೆ ಬರುತ್ತದೆ.

ಮುಳ್ಳುಗೂದಲಿನ ಬ್ರಿಸಲ್ ಹುಳು ಹೆಚ್ಚಿನ ಪಾಲು ಉಪಕಾರಿ, ಕೊಳೆತದ್ದನ್ನು ತಿನ್ನುತ್ತದೆ. ಕೈಗೆ ಚುಚ್ಚಿದರೆ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಮುಳ್ಳು ಬರುತ್ತವೆ. ಕಂದು ಪಾರದರ್ಶಕ ಹೂವಿನಂಥ ಐಪ್ಟೇಸಿಯಾ ಕಂಡರೆ ಕೀಳಲು ಹೋಗಬೇಡಿ, ಇದು ಗಿಡವಲ್ಲ, ಪ್ರಾಣಿ; ಹರಿದ ತುಣುಕೊಂದೊಂದೂ ಹೊಸ ಜೀವಿಯಾಗಬಲ್ಲದು. ಸಿರಿಂಜಿನಲ್ಲಿ ನಿಂಬೆರಸ ತುಂಬಿ ಅದರ ನಡುವಿಗೆ ಚುಚ್ಚಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟೂ ಆಗುತ್ತದೆ. ಮೈಸೂರು ಚಿಗುರೆಲೆಗೆ ಸವರುವ ಡಬ್ಬಿಯ ಸುಣ್ಣ ಮಾತ್ರ ಬೇಡ, ಅದರಲ್ಲಿ ಇನ್ನೇನು ಬೆರೆತಿದೆಯೋ ತಿಳಿಯದು.

ಕೈಗೆ ಆದ ಗೀರು ವಾರಗಟ್ಟಲೆ ಮಾಯದೆ ಕೆಂಪು ಗಂಟಾಗಿ ಉಳಿದರೆ ಚರ್ಮವೈದ್ಯರಿಗೆ ತೋರಿಸಿ, ಮೀನಿನ ತೊಟ್ಟಿಯ ವಿಷಯವನ್ನೂ ಹೇಳಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಎಂಬ ಸೋಂಕು ಹೀಗೇ ಬರುವುದು.

ನೀರು 30 ಡಿಗ್ರಿ ದಾಟಿದೆ, ಮೀನು ಏದುಸಿರು ಬಿಡುತ್ತಿದೆ

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅದೇ ನೀರು ಕರಾವಳಿಯಲ್ಲಿ ಹಿಡಿದಿಡುವ ಆಮ್ಲಜನಕಕ್ಕಿಂತ ಇಲ್ಲಿ ಶೇ. 8ರಷ್ಟು ಕಡಿಮೆ ಹಿಡಿಯುತ್ತದೆ. ಉಪ್ಪು ಮತ್ತು ಬಿಸಿ ಸೇರಿ ಇನ್ನಷ್ಟು ಇಳಿಸುತ್ತವೆ. ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ, ಒಂದು ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಹಿಡಿಸಿ. ಮಾರ್ಚ್ ಏಪ್ರಿಲಿನ ಒಣ ಹವೆಯಲ್ಲಿ 2–4 ಡಿಗ್ರಿ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಫ್ಯಾನಿನಿಂದ ಅಷ್ಟು ಪ್ರಯೋಜನವಿಲ್ಲ, ಅಷ್ಟು ಬೇಕಾಗುವುದೂ ಇಲ್ಲ. ತುರ್ತಿಗೆ ಫ್ರೀಜರಿನಲ್ಲಿಟ್ಟ 1 ಲೀಟರ್ ಬಾಟಲಿ ತೇಲಿಬಿಟ್ಟರೆ 170 ಲೀಟರ್ ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ, ಹೆಚ್ಚಿಲ್ಲ. ಒಂದೇ ಸಲ ನಾಲ್ಕು ಬಾಟಲಿ ಬಿಡಬೇಡಿ.

ಕರೆಂಟು ಹೋದಾಗ ಇನ್ವರ್ಟರಿಗೆ 10–15 ವಾಟಿನ ಪವರ್‌ಹೆಡ್ ಒಂದನ್ನೇ ಕೊಡಿ, ಹೀಟರ್ ಬೇಡ. ಡಿಸೆಂಬರಿನ ಚಳಿಯಲ್ಲೂ ಅಷ್ಟು ನೀರು ಮೂರು ನಾಲ್ಕು ಗಂಟೆಯಲ್ಲಿ ಹೆಚ್ಚೇನೂ ತಣಿಯುವುದಿಲ್ಲ. ಉಸಿರು ಕಟ್ಟುವುದು ಅದಕ್ಕಿಂತ ಮುಂಚೆ.

ಮೀನು ಚೆನ್ನಾಗಿದೆ, ಸೀಗಡಿ ಬಸವನಹುಳು ಮಾತ್ರ ಸಾಯುತ್ತಿವೆ

ಉಪ್ಪಿನಂಶ, ಅಮೋನಿಯಾ ಸರಿಯಿದ್ದೂ ಚಿಪ್ಪಿನ ಜೀವಿಗಳಷ್ಟೇ ಸಾಯುತ್ತಿದ್ದರೆ ತೊಟ್ಟಿಗೆ ಬಿಡುವಾಗ ಆತುರವಾಯಿತೇ ಎಂದು ಮೊದಲು ಕೇಳಿಕೊಳ್ಳಿ. ಇವಕ್ಕೆ ಗಂಟೆಗೂ ಮಿಕ್ಕಿ ಹನಿಹನಿಯಾಗಿ ನೀರು ಬೆರೆಸಿ ಒಗ್ಗಿಸಬೇಕು.

ಎರಡನೆಯದು ಕೋಣೆಯ ಗಾಳಿ. ಸೊಳ್ಳೆಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಕೀಟಕ್ಕೆ ಮಾಡುವುದನ್ನೇ ಸೀಗಡಿಗೂ ಮಾಡುತ್ತದೆ. ಏರ್ ಪಂಪ್ ಮತ್ತು ಸ್ಕಿಮ್ಮರ್ ಕೋಣೆಯ ಗಾಳಿಯನ್ನು ನೇರ ನೀರಿಗೆ ಬೆರೆಸುತ್ತವೆ. ಆ ಕೋಣೆಗೆ ಸೊಳ್ಳೆಪರದೆಯೇ ಸರಿ. ಸಾಂಬ್ರಾಣಿ ಹೊಗೆ, ಊದುಬತ್ತಿಯನ್ನೂ ಪಂಪಿನಿಂದ ದೂರವಿಡಿ, ತೊಟ್ಟಿಯಡಿ ಫಿನೈಲ್ ಒರೆಸಬೇಡಿ.

ಮೂರನೆಯದು ತಾಮ್ರ. ಹಿತ್ತಾಳೆ ನಲ್ಲಿ, ತಾಮ್ರದ ಹಂಡೆ, ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕಿದ ತಾಮ್ರದ ಔಷಧಿ, ಸ್ಟ್ಯಾಂಡಿನಿಂದ ಬಿದ್ದ ಒಂದು ಹಿತ್ತಾಳೆ ಸ್ಕ್ರೂ, ಯಾವುದೂ ಆಗಬಹುದು. ಕಾಪರ್ ಕಿಟ್ಟಿನಲ್ಲಿ ಬಣ್ಣ ಬಂದರೆ ಲೋಹದ ತುಂಡಿಗಾಗಿ ಮರಳಿನಲ್ಲಿ ಅಯಸ್ಕಾಂತ ಆಡಿಸಬೇಡಿ, ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ, ಕಣ್ಣಿನಿಂದಲೇ ಹುಡುಕಿ. ಸಿಕ್ಕ ಮೇಲೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪ್ರತಿ ಬದಲಾವಣೆಯ ಮರುದಿನ ಅಂಕಿ ಇಳಿದು, ಎರಡು ದಿನದಲ್ಲಿ ಮತ್ತೆ ಏರಿದರೆ ತಾಮ್ರ ಕಲ್ಲಿನೊಳಗೆ ಸೇರಿದೆ. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಅಂಥ ಕಲ್ಲನ್ನು ಮೀನು ಮಾತ್ರ ಇರುವ ತೊಟ್ಟಿಗೆ ಬಿಟ್ಟುಕೊಡಿ. ಸೀಗಡಿ, ಬಸವನಹುಳು ಬೇಕೆಂದರೆ ಬೇರೆ ಕಲ್ಲು, ಬೇರೆ ಮರಳು ಹಾಕಿ ಮೊದಲಿನಿಂದ ಶುರುಮಾಡಿ, ಅಮೋನಿಯಾ ಪರೀಕ್ಷೆಯನ್ನೂ ಮತ್ತೆ ಸೊನ್ನೆಯಾಗುವವರೆಗೆ ಮಾಡಿ.